ಈಟಿ ಅಡ್ಡಲಾಗಿ ಬೀಳುತ್ತದೆ, ಮೊಣಕೈ ನೋಯುತ್ತದೆ: ಹಿಡಿತ ಬದಲಿಸಬೇಕೇ?

ಪ್ರಶ್ನೆ (ಪದವಿ ವಿದ್ಯಾರ್ಥಿ, ಬಲಗೈ ಎಸೆತ)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಕ್ರಿಕೆಟ್ ಆಡಿಕೊಂಡಿದ್ದ ನನ್ನನ್ನು, ಬೌಂಡರಿಯಿಂದ ಚೆಂಡು ಚೆನ್ನಾಗಿ ಎಸೆಯುತ್ತೇನೆಂಬ ಕಾರಣಕ್ಕೆ, ಈ ವರ್ಷ ಕಾಲೇಜಿನ ಅಥ್ಲೆಟಿಕ್ಸ್ ತಂಡಕ್ಕೆ ಜಾವೆಲಿನ್ ಎಸೆತಗಾರನಾಗಿ ಸೇರಿಸಿಕೊಂಡಿದ್ದಾರೆ. 800 ಗ್ರಾಂನ ಈಟಿಯಲ್ಲೇ ಅಭ್ಯಾಸ ಮಾಡುತ್ತಿದ್ದೇನೆ. ಕೈಬಿಟ್ಟ ಕೂಡಲೇ ಮೊನೆ ಆಕಾಶದತ್ತ ಏಳುತ್ತದೆ, ಈಟಿ ನಡುಗುತ್ತ ಹೋಗುತ್ತದೆ, ಕೊನೆಗೆ ಬಾಲ ಮೊದಲು ನೆಲಕ್ಕೆ ತಾಗುತ್ತದೆ ಇಲ್ಲವೇ ಇಡೀ ಈಟಿ ಅಡ್ಡಲಾಗಿ ಬೀಳುತ್ತದೆ. ಎಷ್ಟು ವೇಗವಾಗಿ ಓಡಿ ಬಂದರೂ ನಿಂತಲ್ಲಿಂದ ಎಸೆದಷ್ಟೇ ದೂರ ಹೋಗುತ್ತದೆ. ಅಭ್ಯಾಸ ಮುಗಿದ ಮೇಲೆ ಮೊಣಕೈಯ ಒಳಬದಿ ನೋಯುತ್ತದೆ. 45 ಡಿಗ್ರಿಯಲ್ಲಿ ಎಸೆದರೆ ಅತಿ ಹೆಚ್ಚು ದೂರ ಎಂದು ಭೌತಶಾಸ್ತ್ರದಲ್ಲಿ ಓದಿರುವುದರಿಂದ ಮೊನೆಯನ್ನು ಎತ್ತಿಯೇ ಹಿಡಿಯುತ್ತೇನೆ. ಹಿಡಿತ ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ 1 (ಜಿಲ್ಲಾ ಮಟ್ಟದ ಎಸೆತಗಾರ)

ತೋರುಬೆರಳು ಮತ್ತು ನಡುಬೆರಳಿನ ನಡುವೆ ಈಟಿಯನ್ನು ಸಿಕ್ಕಿಸಿಕೊಳ್ಳುವ ಕವೆ ಹಿಡಿತವನ್ನು ಪ್ರಯತ್ನಿಸಿ. ನನಗೆ ಅದರಿಂದ ಮೊಣಕೈ ನೋವು ಕಡಿಮೆಯಾಯಿತು.

ಉತ್ತರ 2 (ನಿವೃತ್ತ ದೈಹಿಕ ಶಿಕ್ಷಕ)

ಮೊದಲು ನೋವಿನ ಮಾತು. ಮೊಣಕೈಯ ಒಳಬದಿಯ ಅಸ್ಥಿಬಂಧ (ಲಿಗಮೆಂಟ್) ಎಸೆತಗಾರರಲ್ಲಿ ಬೇಗ ಹಾಳಾಗುವ ಜಾಗ. ಅಲ್ಲಿ ನೋವಿರುವಾಗ ಎಸೆಯುತ್ತಲೇ ಹೋಗುವುದು ಧೈರ್ಯವಲ್ಲ, ಅವಿವೇಕ. ಈಟಿಯನ್ನು ಕೆಳಗಿಟ್ಟು ಮೂಳೆ ತಜ್ಞರಿಗೆ ಒಮ್ಮೆ ತೋರಿಸಿ. ಅವರು ಒಪ್ಪಿದ ಮೇಲೆ ಮುಂದಿನದನ್ನು ಮಾಡಿ.

ಹಿಡಿತ ನಿಮ್ಮ ಸಮಸ್ಯೆಯ ಮೂಲವಲ್ಲ ಎಂದು ನನಗನ್ನಿಸುತ್ತದೆ. ಹಗ್ಗದ ಸುತ್ತಿನ ಹಿಂದಿನ ಅಂಚಿಗೆ ತೋರುಬೆರಳನ್ನಾಗಲಿ ನಡುಬೆರಳನ್ನಾಗಲಿ ಒತ್ತಿ ಹಿಡಿಯಬಹುದು, ಮೇಲಿನ ಉತ್ತರದಲ್ಲಿ ಹೇಳಿದ ಕವೆ ಹಿಡಿತವೂ ನಡೆಯುತ್ತದೆ. ಒಂದು ಬೆರಳಾದರೂ ಆ ಅಂಚಿನ ಹಿಂದೆ ಗಟ್ಟಿಯಾಗಿ ನಿಂತಿರಬೇಕು ಮತ್ತು ಈಟಿ ಅಂಗೈಯ ಉದ್ದಕ್ಕೆ ಓರೆಯಾಗಿ ಕೂತಿರಬೇಕು, ಅಷ್ಟೇ. ತೊಂದರೆ ಇರುವುದು ನೀವು ಕ್ರಿಕೆಟ್ಟಿನಿಂದ ತಂದ ಕೈಯಲ್ಲಿ. ಬೌಂಡರಿಯಿಂದ ಎಸೆಯುವ ಫೀಲ್ಡರ್ ಮೊಣಕೈಯನ್ನು ಭುಜಕ್ಕಿಂತ ಕೆಳಗಿಟ್ಟು ಪಕ್ಕದಿಂದ ಬೀಸಿದರೂ ಚೆಂಡು ಕೀಪರ್ ಕೈ ಸೇರುತ್ತದೆ, ಏಕೆಂದರೆ ಚೆಂಡಿಗೆ ಮುಂಭಾಗವೂ ಇಲ್ಲ, ಬಾಲವೂ ಇಲ್ಲ. ಈಟಿಯನ್ನು ಹಾಗೆ ಬೀಸಿದರೆ ಮೊನೆ ಒಂದು ಕಡೆಗೂ ಕೈಯ ಬಲ ಇನ್ನೊಂದು ಕಡೆಗೂ ಹೋಗುತ್ತವೆ. ನೀವು ಹೇಳುವ ನಡುಕ ಬರುವುದು ಅದರಿಂದಲೇ, ಮೊಣಕೈಯ ಒಳಬದಿ ಹಿಗ್ಗುವುದೂ ಅದರಿಂದಲೇ. ಹಾಗಾಗಿ ನಿಮಗೆ ಎರಡಾಗಿ ಕಾಣುತ್ತಿರುವ ದೋಷಗಳ ಬೇರು ಒಂದೇ.

45 ಡಿಗ್ರಿಯ ಲೆಕ್ಕ ಗಾಳಿಯ ತಡೆಯೇ ಇಲ್ಲದ ಕಡೆ, ಎಲ್ಲ ಕೋನದಲ್ಲೂ ಒಂದೇ ವೇಗದಿಂದ ಹಾರುವ ವಸ್ತುವಿಗೆ ಸರಿ. ಮನುಷ್ಯನ ತೋಳಿಗೆ ಅಷ್ಟು ಎತ್ತರಕ್ಕೆ ಎಸೆಯುವಾಗ ಅದೇ ವೇಗ ಕೊಡಲಾಗುವುದಿಲ್ಲ. ಉನ್ನತ ಮಟ್ಟದ ಎಸೆತಗಾರರು ಬಿಡುವ ಕೋನ 30 ಡಿಗ್ರಿಯನ್ನು ಸ್ವಲ್ಪ ಮೀರಿದ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮೊನೆ ತೋರಿಸುವ ದಿಕ್ಕೂ ಈಟಿ ಸಾಗುವ ದಿಕ್ಕೂ ಒಂದೇ ಆಗಿರುವುದು. ಮೊನೆ ಮೇಲೆದ್ದು ಈಟಿ ಮುಂದಕ್ಕೆ ಸಾಗಿದರೆ ಅದರ ಹೊಟ್ಟೆಗೆ ಗಾಳಿ ಬಡಿದು ವೇಗ ಸಾಯುತ್ತದೆ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ಈಟಿ ಮೈದಾನದ ಆಚೆಯ ತುದಿಯನ್ನೇ ಮುಟ್ಟುವ ಭಯ ಒಂದೆಡೆ, ಮೊನೆ ಮೊದಲು ತಾಗಿತೋ ಇಲ್ಲವೋ ಎಂಬ ಜಗಳ ಇನ್ನೊಂದೆಡೆ ಇದ್ದುದರಿಂದ 1986ರಲ್ಲಿ ಪುರುಷರ ಈಟಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಆಮೇಲಿನ ಈಟಿಗಳು ತಾವಾಗಿಯೇ ಮೊನೆ ತಗ್ಗಿಸುತ್ತವೆ, ಆದರೆ ಅದಕ್ಕೆ ವೇಗವೂ ಸಮಯವೂ ಬೇಕು. ಹೊಸಬರ ಎಸೆತದಲ್ಲಿ ಎರಡೂ ಕಡಿಮೆ. ಜೊತೆಗೆ ಮೊನೆಯನ್ನು ಎತ್ತಿ ಬಿಟ್ಟರೆ, ಅದು ತಗ್ಗುವ ಮೊದಲೇ ನೆಲ ಬಂದುಬಿಡುತ್ತದೆ. ಅಂದಹಾಗೆ, ಈಟಿ ನೆಲಕ್ಕೆ ನಾಟಿ ನಿಲ್ಲಬೇಕೆಂಬ ನಿಯಮವಿಲ್ಲ, ಲೋಹದ ತಲೆ ಮೊದಲು ತಾಗಿದರೆ ಸಾಕು.

ನೀವು ಮಾಡಬೇಕಾದದ್ದು ಇದು. ಹದವಾದ ಮಣ್ಣಿನಲ್ಲಿ ಎಂಟು-ಹತ್ತು ಮೀಟರ್ ದೂರಕ್ಕೆ ಒಂದು ಗುರುತು ಹಾಕಿ. ಎಡಗಾಲು ಮುಂದಿಟ್ಟು ನಿಂತು, ಕೈಯನ್ನು ಹಿಂದಕ್ಕೆ ಪೂರ್ತಿ ಚಾಚಿ, ಅಂಗೈ ಆಕಾಶ ನೋಡುವಂತೆಯೂ ಮೊನೆ ಬಲ ಹುಬ್ಬಿನ ಪಕ್ಕದಲ್ಲಿರುವಂತೆಯೂ ಹಿಡಿದು, ಆ ಗುರುತಿಗೆ ಎಸೆಯಿರಿ. ಬಲ ಸೊಂಟ ಮೊದಲು ಮುಂದಕ್ಕೆ ತಿರುಗಬೇಕು, ಅದರ ಹಿಂದೆ ಎದೆ, ಆಮೇಲೆ ಕಿವಿಯ ಪಕ್ಕದಿಂದ ಎತ್ತರದಲ್ಲಿ ಮೊಣಕೈ, ಕಟ್ಟಕಡೆಗೆ ಅಂಗೈ. ನಾಟಿಕೊಂಡ ಈಟಿಯನ್ನು ಕೀಳುವ ಮೊದಲು ಅದರ ಹಿಂದೆ ನಿಂತು ನೋಡಿ: ಬಾಲ ನೇರವಾಗಿ ನಿಮ್ಮತ್ತ ಇದ್ದರೆ ಕೈ ಮೊನೆಯ ಹಿಂದೆಯೇ ಸಾಗಿದೆ, ಬಾಲ ಬಲಕ್ಕೆ ವಾಲಿದ್ದರೆ ಕೈ ಮತ್ತೆ ಪಕ್ಕದಿಂದ ಬೀಸಿದೆ ಎಂದರ್ಥ. ಪಕ್ಕದಲ್ಲಿ ಕೋಚ್ ಇಲ್ಲದವರಿಗೆ ಇದಕ್ಕಿಂತ ಪ್ರಾಮಾಣಿಕ ಪರೀಕ್ಷಕರಿಲ್ಲ. ಕಾಲೇಜಿನಲ್ಲಿ ಮಹಿಳೆಯರ 600 ಗ್ರಾಂ ಈಟಿ ಇದ್ದೇ ಇರುತ್ತದೆ, ಅದನ್ನೇ ಬಳಸಿ. ದೂರ ಅಳೆಯುವ ಟೇಪನ್ನು ಸದ್ಯಕ್ಕೆ ಹೊರಗೆ ತೆಗೆಯಬೇಡಿ.

ಓಟ ದೂರವನ್ನು ಹೆಚ್ಚಿಸದಿರುವುದಕ್ಕೆ ಕಾರಣ ಬೇರೆ. ಕೊನೆಯಲ್ಲಿ ಎಡಗಾಲು ಊರುವ ಮೊದಲೇ ನಿಮ್ಮ ಕೈ ಹೊರಡುತ್ತಿರಬಹುದು, ಅಥವಾ ಊರಿದ ಎಡ ಮೊಣಕಾಲು ಕುಸಿಯುತ್ತಿರಬಹುದು. ಆ ಕಾಲು ಗಟ್ಟಿಯಾಗಿ ತಡೆದು ನಿಂತರೆ ಮಾತ್ರ ಓಟದ ವೇಗ ಸೊಂಟ, ಭುಜಗಳ ಮೂಲಕ ಈಟಿಗೆ ದಾಟುತ್ತದೆ. 2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದ ಸ್ಪರ್ಧೆಯ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿಕೊಂಡು ಎಡಗಾಲನ್ನಷ್ಟೇ ನೋಡಿ. ಆದರೆ ಎಸೆದ ಮೇಲೆ ಅವರು ಕೈಯೂರಿ ಮುಂದಕ್ಕೆ ಬೀಳುವುದನ್ನು ಅನುಕರಿಸಬೇಡಿ. ಅದು ಅವರ ವೇಗದ ಫಲ, ಎಸೆತದ ವಿಧಾನವಲ್ಲ.

ಮರುಪ್ರಶ್ನೆ (ಅದೇ ವಿದ್ಯಾರ್ಥಿ)

ತುಂಬ ಧನ್ಯವಾದಗಳು ಸರ್. ವೈದ್ಯರು ಹೇಳಿದಷ್ಟು ದಿನ ವಿಶ್ರಾಂತಿ ಪಡೆದು, ನೋವು ಹೋದ ಮೇಲೆ 600 ಗ್ರಾಂ ಈಟಿಯಲ್ಲಿ ಶುರು ಮಾಡಿದೆ. ಮೊದಮೊದಲು ಬಾಲ ಪ್ರತಿ ಸಲವೂ ಬಲಕ್ಕೇ ವಾಲುತ್ತಿತ್ತು, ಈಗ ಬಹುಪಾಲು ನೇರವಾಗಿದೆ. ಮೂರು ಹೆಜ್ಜೆಯ ಎಸೆತದಲ್ಲೂ ಮೊನೆಯೇ ಮೊದಲು ತಾಗುತ್ತಿದೆ. ಆದರೆ ಪೂರ್ತಿ ಓಟದಿಂದ ಎಸೆದಾಗ ಈಟಿ ಎಡಕ್ಕೆ ಹೋಗಿ ಸೆಕ್ಟರಿನಿಂದ, ಅಂದರೆ ಈಟಿ ಬೀಳಬೇಕಾದ ಗುರುತಿಸಿದ ಜಾಗದಿಂದ, ಹೊರಗೆ ಬೀಳುತ್ತದೆ, ಎರಡು ಸಲಕ್ಕೊಮ್ಮೆ ಓಟದ ಕೊನೆಯ ಗೆರೆಯನ್ನೂ ತುಳಿಯುತ್ತೇನೆ.

ಉತ್ತರ 2 (ನಿವೃತ್ತ ದೈಹಿಕ ಶಿಕ್ಷಕ)

ಎಡಕ್ಕೆ ಹೋಗುವುದು ಎದೆ ಬೇಗ ತೆರೆದುಕೊಳ್ಳುವುದರಿಂದ. ಎಡಗೈಯನ್ನು ಅಗಲಕ್ಕೆ ಬೀಸಿದರೆ ಅದು ಇಡೀ ದೇಹವನ್ನು ಎಡಕ್ಕೆ ಎಳೆಯುತ್ತದೆ. ಎಡಗಾಲು ಊರುವ ಕ್ಷಣದಲ್ಲಿ ಎಡ ಮೊಣಕೈಯನ್ನು ಮಡಚಿ ಪಕ್ಕೆಲುಬಿಗೆ ಒತ್ತಿಕೊಳ್ಳಿ. ಸೆಕ್ಟರ್ ಇರುವುದೇ ಸುಮಾರು 29 ಡಿಗ್ರಿ ಅಗಲ, ಆದ್ದರಿಂದ ಈ ಸಣ್ಣ ತಪ್ಪಿಗೂ ದಂಡ ತೆರಬೇಕಾಗುತ್ತದೆ. ಅಡ್ಡ ಹೆಜ್ಜೆಗಳಲ್ಲಿ (ಎಸೆಯುವ ಮುನ್ನ ಪಕ್ಕಕ್ಕೆ ತಿರುಗಿ ಕಾಲ ಮುಂದೆ ಕಾಲು ಹಾಕುವ ಹೆಜ್ಜೆಗಳಲ್ಲಿ) ವೇಗ ಕುಂದದಂತೆಯೂ, ಕಡೆಯ ಬಲ-ಎಡ ಹೆಜ್ಜೆಗಳು ಒಂದರ ಬೆನ್ನಿಗೊಂದು ಥಟ್ಟನೆ ಬೀಳುವಂತೆಯೂ ನೋಡಿಕೊಳ್ಳಿ. ನಿಮ್ಮ ಕೈಗೆ ಇನ್ನೂ ಪೂರ್ತಿ ಓಟವನ್ನು ಹಿಡಿಯುವ ಶಕ್ತಿ ಬಂದಿಲ್ಲದಿರುವುದರಿಂದ ಕೆಲವು ವಾರ ಐದು ಹೆಜ್ಜೆಯಿಂದಲೇ ಎಸೆಯುವುದು ಒಳ್ಳೆಯದು.

ಗೆರೆ ತುಳಿಯುವುದಕ್ಕೆ ಅಂದಾಜಿನ ಓಟವೇ ಕಾರಣ. ಗೆರೆಗೆ ಬೆನ್ನು ಮಾಡಿ ನಿಂತು, ಅಲ್ಲಿಂದ ಓಟ ಶುರುವಾಗುವ ಕಡೆಗೆ ಮುಖಮಾಡಿ ನಿಮ್ಮ ಓಟವನ್ನು ಓಡಿ, ಸಹಪಾಠಿಯೊಬ್ಬರಿಂದ ಕೊನೆಯ ಹೆಜ್ಜೆ ಬಿದ್ದ ಜಾಗವನ್ನು ಗುರುತು ಮಾಡಿಸಿ, ಅದಕ್ಕಿಂತ ಸುಮಾರು ಎರಡು ಮೀಟರ್ ಹಿಂದಿನಿಂದ ಹೊರಡಿ. ಎಸೆದ ಮೇಲೆ ಬಲಗಾಲು ಮುಂದೆ ಬಂದು ದೇಹವನ್ನು ನಿಲ್ಲಿಸಲು ಅಷ್ಟು ಜಾಗ ಬೇಕು. ಗುರುತನ್ನು ಸ್ಪರ್ಧೆಯ ದಿನ ಧರಿಸುವ ಶೂ ಹಾಕಿಕೊಂಡೇ ಮಾಡಿ. ಓಟದ ಸ್ಪೈಕ್ಸ್‌ಗೆ ಹಿಮ್ಮಡಿಯಲ್ಲಿ ಮೊಳೆ ಇರುವುದಿಲ್ಲ, ಎಡ ಹಿಮ್ಮಡಿ ಜಾರಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಜಾವೆಲಿನ್ ಶೂ ಸಿಗದಿದ್ದರೆ ಒದ್ದೆ ನೆಲದಲ್ಲಿ ಓಡಿ ಎಸೆಯಬೇಡಿ.