ಒಂದೇ ಪದ, ಆದರೂ ಟೆಸ್ಟ್ ಫೇಲ್

ಪ್ರಶ್ನೆ:
ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಸಣ್ಣ ಪೈಥಾನ್ ಲೈಬ್ರರಿಯೊಂದನ್ನು ನಾವು ಮೂವರು ಬಿಡುವಿನಲ್ಲಿ ನೋಡಿಕೊಳ್ಳುತ್ತೇವೆ. ಹೊಸಬರೊಬ್ಬರು ಊರ ಹೆಸರುಗಳ ಪಟ್ಟಿ ಸೇರಿಸಿದ ಮೇಲೆ ಒಂದು ಟೆಸ್ಟ್ ಕೆಂಪಾಗಿದೆ. ‘ಕೋಲಾರ’ ಬರಬೇಕಿತ್ತು, ‘ಕೋಲಾರ’ ಬಂದಿದೆ ಅನ್ನುತ್ತಿದೆ! ಅರ್ಧ ಗಂಟೆ ಕಣ್ಣರಳಿಸಿ ನೋಡಿದೆ, ಒಂದು ಕೊಂಬೂ ಬೇರೆ ಇಲ್ಲ. ಸದ್ಯಕ್ಕೆ ಆ ಟೆಸ್ಟನ್ನು ಸ್ಕಿಪ್ ಮಾಡಿ ಅವರ ಪಟ್ಟಿಯನ್ನು ಮುಖ್ಯ ಕೋಡಿಗೆ ಮರ್ಜ್ ಮಾಡಲೇ?

ಉತ್ತರ:
ಸ್ಕಿಪ್ ಮಾತ್ರ ಮಾಡಬೇಡಿ. ಎರಡರ ಉದ್ದವನ್ನೂ, ಅಂದರೆ ಎಷ್ಟೆಷ್ಟು ಸಂಕೇತಗಳಿವೆ ಎಂದು, ಪ್ರಿಂಟ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಒಂದು 5, ಇನ್ನೊಂದು 7!

ಉತ್ತರ:
ಗಂಟು ಅಲ್ಲೇ ಇದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಪದ ಒಳಗೆ ಬರುವಾಗಲೇ ಬಿಡಿ ಸಂಕೇತಗಳನ್ನು ಕೂಡಿಸಿ ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಿ. ಆ 7 ಸಂಕೇತಗಳ ಕೋಲಾರಕ್ಕೇ ಒಂದು ಟೆಸ್ಟ್ ಬರೆಯಿರಿ, ಅದರಲ್ಲಿ ಅಕ್ಷರ ಟೈಪ್ ಮಾಡದೆ ಅದರ ಯೂನಿಕೋಡ್ ಸಂಖ್ಯೆ ಬರೆಯುವ ಎಸ್ಕೇಪ್ ಸಂಕೇತಗಳನ್ನೇ ಹಾಕಿ. ಇಲ್ಲದಿದ್ದರೆ ಮುಂದೆ ಯಾರೋ ಅದನ್ನು ಮತ್ತೆ ಟೈಪ್ ಮಾಡಿದರೆ 5 ಆಗಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲ ಹಸಿರಾಯಿತು ಸರ್, ತುಂಬಾ ಧನ್ಯವಾದ. ತಪ್ಪು ನಮ್ಮ ಕೋಡಿನದು, ಅವರ ಪಟ್ಟಿಯದಲ್ಲ ಎಂದು ಆ ಹೊಸಬರಿಗೂ ಈಗಷ್ಟೇ ಬರೆದೆ.