ಅಹ್ಮದಿಯಾ ಗೆಳತಿಯ ಆಶ್ರಯದ ಅರ್ಜಿ ತಿರಸ್ಕಾರವಾಗಿದೆ, ಅಪೀಲಿಗೆ ಏನು ಮಾಡಬೇಕು?

ಶಿವಮೊಗ್ಗದವಳು, ಲಂಡನ್

ನಾವಿರುವುದು ಮಾರ್ಡನ್‌ನಲ್ಲಿ, ಬೈತುಲ್ ಫುತೂಹ್ ಮಸೀದಿ ಹತ್ತಿರ. ಪಕ್ಕದ ಮನೆಯಲ್ಲಿ ಪಾಕಿಸ್ತಾನದ ಫೈಸಲಾಬಾದಿನ ಗೆಳತಿಯೊಬ್ಬರು ತಮ್ಮ ಅಣ್ಣನ ಸಂಸಾರದ ಜೊತೆ ಇದ್ದಾರೆ. ಅಹ್ಮದಿಯಾ ಪಂಥದವರು, ಅಂದರೆ ತಾವು ಮುಸ್ಲಿಮರೇ ಅನ್ನುವವರು, ಆದರೆ ಪಾಕಿಸ್ತಾನದ ಕಾನೂನು ಅದನ್ನು ಒಪ್ಪುವುದಿಲ್ಲ. ನನ್ನ ಮಗಳಿಗೆ ಅವರ ಮನೆಯೇ ಎರಡನೇ ಮನೆ. ಕಳೆದ ವಾರ ಅವರ ಅಸೈಲಮ್ ಅರ್ಜಿ ತಿರಸ್ಕಾರವಾಗಿ ಪತ್ರ ಬಂದಿದೆ.

ಪತ್ರವನ್ನು ಜೊತೆಗೆ ಕೂತು ಓದಿದೆ. ಅವರು ಅಹ್ಮದಿಯಾ ಅನ್ನುವುದನ್ನು ಹೋಮ್ ಆಫೀಸಿನವರು ಒಪ್ಪಿದ್ದಾರೆ. ಊರಿನಲ್ಲಿ ಮನೆಯೊಳಗೆ ಮಕ್ಕಳಿಗೆ ಕುರಾನ್ ಕಲಿಸುತ್ತಿದ್ದರು ಅನ್ನುವುದನ್ನೂ ಒಪ್ಪಿದ್ದಾರೆ. ಆದರೆ ಬಹಿರಂಗವಾಗಿ ಪ್ರಚಾರ ಮಾಡಿಲ್ಲವಂತೆ, ಹಾಗಾಗಿ ವಾಪಸ್ ಹೋಗಿ ಮೊದಲಿನ ಹಾಗೇ ಇರಬಹುದಂತೆ, ಬೇಕಿದ್ದರೆ ಅಹ್ಮದಿಯಾದವರೇ ಹೆಚ್ಚಾಗಿರುವ ಅಲ್ಲಿನ ರಬ್ವಾ ಊರಿಗೆ ಹೋಗಬಹುದಂತೆ. ಓದಿ ಹೊಟ್ಟೆ ಉರಿಯಿತು. ಬಾಗಿಲು ಹಾಕಿ, ಪರದೆ ಎಳೆದು ಪಾಠ ಹೇಳುತ್ತಿದ್ದದ್ದು ಹೆದರಿಕೆಗೆ. ಬೀದಿಯವರು ಪೊಲೀಸರಿಗೆ ದೂರು ಕೊಡುತ್ತೇವೆ ಅಂದ ಮೇಲೆ ಅದನ್ನೂ ನಿಲ್ಲಿಸಬೇಕಾಯಿತು. ಇಂಟರ್‌ವ್ಯೂನಲ್ಲಿ ಯಾಕೆ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ ಅಂತ ಯಾರೂ ಕೇಳಲೇ ಇಲ್ಲವಂತೆ. ಸಾಲಿಸಿಟರ್ ಫೋನಿಗೆ ಸಿಗುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ, ಮೊದಲು ಏನು ಮಾಡಬೇಕು?

ಧಾರವಾಡದವ, ಬರ್ಮಿಂಗ್‌ಹ್ಯಾಮ್

ಮೊದಲು ಪತ್ರದ ತಾರೀಕು ನೋಡಿ ಮೇಡಂ. ಅದನ್ನು ಕಳಿಸಿದ ದಿನದಿಂದ 14 ದಿನದೊಳಗೆ ಫಸ್ಟ್ ಟಿಯರ್ ಟ್ರಿಬ್ಯೂನಲ್‌ಗೆ, ಅಂದರೆ ಇಂಥ ಅಪೀಲು ಮೊದಲು ಕೇಳುವ ನ್ಯಾಯಮಂಡಳಿಗೆ, ಅಪೀಲು ಹೋಗಬೇಕು. ಸಾಲಿಸಿಟರ್‌ಗೆ ಕಾಯುತ್ತಾ ಕೂರಬೇಡಿ, ಆನ್‌ಲೈನ್‌ನಲ್ಲಿ ಅವರೇ ಹಾಕಬಹುದು. ಸಾಕ್ಷ್ಯ ಆಮೇಲೆ ಸೇರಿಸಲು ಅವಕಾಶ ಇರುತ್ತದೆ. ಲೀಗಲ್ ಏಡ್, ಅಂದರೆ ವಕೀಲರ ಖರ್ಚಿಗೆ ಸರ್ಕಾರದ ನೆರವು, ಇದ್ದರೆ ಫೀಸೂ ಇಲ್ಲ.

ನಾನು ವರ್ಷಗಟ್ಟಲೆ ಇಂಥ ಕೇಸುಗಳ ಫೈಲು ಹಿಡಿದವನು. ಸುಮ್ನೆ ಇದ್ದು ಬದುಕಿ ಅನ್ನುವ ಉತ್ತರವನ್ನು ನಾನು ಯಾವತ್ತೂ ಒಪ್ಪಿಲ್ಲ. ಇಲ್ಲಿನ ಕೋರ್ಟುಗಳೂ ಒಪ್ಪಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಎಚ್‌ಜೆ (ಇರಾನ್) ಕೇಸಿನಲ್ಲಿ, ಹಿಂಸೆಗೆ ಹೆದರಿ ತನ್ನನ್ನು ಮುಚ್ಚಿಟ್ಟುಕೊಂಡು ಬದುಕುವವರಿಗೂ ರಕ್ಷಣೆ ಸಿಗಬೇಕು ಅಂತ ಹೇಳಿತು. ಅದು ಸಲಿಂಗಿಗಳ ಕೇಸು. ಧರ್ಮದ ಕೇಸಿಗೂ ಅದೇ ತತ್ವ. 2012ರಲ್ಲಿ ಅದರ ಮೇಲಿನ ಅಪ್ಪರ್ ಟ್ರಿಬ್ಯೂನಲ್ ಕೊಟ್ಟ ಎಂಎನ್ ತೀರ್ಪಂತೂ ಪಾಕಿಸ್ತಾನದ ಅಹ್ಮದಿಯಾದವರದ್ದೇ. ಅಲ್ಲಿನ ದಂಡ ಸಂಹಿತೆಗೆ 1984ರಲ್ಲಿ 298ಬಿ, 298ಸಿ ಸೇರಿದವು. ಅಹ್ಮದಿಯಾದವರು ತಮ್ಮನ್ನು ಮುಸ್ಲಿಂ ಅಂತ ಹೇಳಿಕೊಂಡರೆ, ಅಜಾನ್ ಕೂಗಿದರೆ, ಪ್ರಚಾರ ಮಾಡಿದರೆ 3 ವರ್ಷದವರೆಗೆ ಜೈಲು. ಈ ಕಟ್ಟುಪಾಡು ಮೀರಿ ಬಹಿರಂಗವಾಗಿ ಧರ್ಮ ಪಾಲಿಸುವುದು ಯಾರಿಗೆ ನಿಜವಾಗಿ ಮುಖ್ಯವೋ ಅವರಿಗೆ ರಕ್ಷಣೆ ಬೇಕಾಗಬಹುದು ಅಂತ ಆ ತೀರ್ಪು ಹೇಳುತ್ತದೆ. ಕಾನೂನು ಇಡೀ ದೇಶದ್ದು, ಹಾಗಾಗಿ ಅಂಥವರಿಗೆ ರಬ್ವಾ ದಾರಿಯಲ್ಲ ಅಂತಲೂ.

ಅದು ಅವರಿಗೆ ಎಷ್ಟು ಮುಖ್ಯ ಅಂತ ತೋರಿಸುವ ಹೊಣೆ ಮಾತ್ರ ಅವರದ್ದೇ. ಆದ್ದರಿಂದ ಹೊಸ ಹೇಳಿಕೆ ಬರೆಸಿ. ಪಾಠ ಯಾಕೆ ಮುಚ್ಚಿದ ಬಾಗಿಲೊಳಗೆ? ಹೆದರಿಕೆ ಇಲ್ಲದಿದ್ದರೆ ಏನು ಮಾಡುತ್ತಿದ್ದರು? ಲಂಡನ್ನಿಗೆ ಬಂದ ಮೇಲೆ ಏನು ಮಾಡುತ್ತಿದ್ದಾರೆ? ಜಮಾತ್‌ನಿಂದ, ಅಂದರೆ ಅವರ ಪಂಥದ ಸಂಸ್ಥೆಯಿಂದ, ಸದಸ್ಯರು ಅಂತ ಒಂದು ಸಾಲಿನ ಪತ್ರ ತಂದರೆ ಸಾಲದು. ಲಜ್ನಾದಲ್ಲಿ, ಅಂದರೆ ಅವರ ಹೆಂಗಸರ ಸಂಘದಲ್ಲಿ, ಯಾವ ಕೆಲಸ, ಯಾವಾಗಿನಿಂದ ಅಂತ ಬಿಡಿಸಿ ಬರೆಸಬೇಕು. ಪಕ್ಕದ ಮನೆಯಲ್ಲಿದ್ದು ಇದನ್ನೆಲ್ಲ ಕಂಡವರು ನೀವು. ನೀವೂ ಸಾಕ್ಷಿ ಹೇಳಬಹುದು ಅಲ್ವಾ?

ಬೀದರಿನವಳು

ನಾನು ಉರ್ದು ದುಭಾಷಿ. ಅಕ್ಕಾ, ಇಂಟರ್‌ವ್ಯೂ ಪ್ರತಿಯನ್ನು ಅವರಿಗೆ ಒಂದೊಂದೇ ಸಾಲು ಓದಿ ಹೇಳಿ. ಫೈಸಲಾಬಾದಿನವರ ಮನೆಮಾತು ಪಂಜಾಬಿ ಇರಬಹುದು. ಉರ್ದುವಿನಲ್ಲಿ ಕೇಳಿದಾಗ ಮರ್ಯಾದೆಗೆ ಹೂಂ ಅಂದುಬಿಡುವವರನ್ನು ಜಾಸ್ತಿ ನೋಡಿದ್ದೇನೆ. ತಪ್ಪು ಕಂಡರೆ ಹೇಳಿಕೆಯಲ್ಲೇ ತಿದ್ದಬೇಕು. ಅಪೀಲಿನ ಫಾರ್ಮಿನಲ್ಲಿ ಪಂಜಾಬಿ ದುಭಾಷಿ ಬೇಕು ಅಂತ ಈಗಲೇ ಬರೆಯಿರಿ. ವಿಚಾರಣೆಯ ದಿನ ಮಾತು ಅರ್ಥವಾಗದಿದ್ದರೆ ತಕ್ಷಣ ಜಡ್ಜ್‌ಗೆ ಹೇಳಬೇಕು, ಸಂಕೋಚ ಬೇಡ.

ಶಿವಮೊಗ್ಗದವಳು, ಲಂಡನ್

ತಾರೀಕು ನೋಡಿದೆವು, ಇನ್ನೂ ಸಮಯ ಇದೆ. ಇವತ್ತು ರಾತ್ರಿಯೇ ಅಪೀಲು ಹಾಕುತ್ತೇವೆ. ಪಂಜಾಬಿ ವಿಷಯ ನಿಜ, ಅವರು ಅಣ್ಣನ ಜೊತೆ ಮಾತಾಡುವುದು ಅದರಲ್ಲೇ. ಪ್ರತಿ ಭಾನುವಾರ ಅವರು ಮಕ್ಕಳಿಗೆ ಪಾಠ ಹೇಳುವುದನ್ನು ನಾನೇ ಕಂಡಿದ್ದೇನೆ, ಬಾಗಿಲು ತೆರೆದೇ ಇರುತ್ತದೆ. ನಾನು ವರ್ಕ್ ವೀಸಾದಲ್ಲಿದ್ದೇನೆ. ಸಾಕ್ಷಿ ಹೇಳಿದರೆ ತೊಂದರೆ ಇದೆಯಾ?

ಧಾರವಾಡದವ, ಬರ್ಮಿಂಗ್‌ಹ್ಯಾಮ್

ಇಲ್ಲ. ಆ ಭಾನುವಾರದ ಪಾಠವನ್ನೇ ಬರೆದು ಸಹಿ ಮಾಡಿ ಕೊಡಿ. ಕಂಡದ್ದನ್ನು ಮಾತ್ರ ಬರೆಯಿರಿ. ವಿಚಾರಣೆಗೆ ಪಾಸ್‌ಪೋರ್ಟ್ ತನ್ನಿ.