ಕಾಡಂಚಿನ ಲಂಟಾನ ಕಡಿಸಿಬಿಟ್ಟರೆ ಬೆಂಕಿ ಭಯ ತಪ್ಪುತ್ತದೆಯೇ?

ಪ್ರಶ್ನೆ – ಗುಂಡ್ಲುಪೇಟೆ ಕಡೆಯ ರೈತ

ನಮ್ಮೂರ ಹೊಲಕ್ಕೂ ಬಂಡೀಪುರದ ಕಾಡಿಗೂ ನಡುವೆ ಇರುವುದು ಆನೆ ಕಂದಕ ಮಾತ್ರ. ಅದರಾಚೆ ಆಳೆತ್ತರಕ್ಕೂ ಮೀರಿ ಬೆಳೆದ ಲಂಟಾನ ಕಳೆಪೊದೆ. ಪರಿಸರ ಅಭಿವೃದ್ಧಿ ಸಮಿತಿಯವರು ಅರಣ್ಯ ಇಲಾಖೆಗೆ ಹೇಳಿ ಜನವರಿಯಲ್ಲಿ ಕಡಿಸೋಣ ಅಂತಿದ್ದಾರೆ. ಕಡಿದು ಅಲ್ಲೇ ಬಿಟ್ಟರೆ ಸಾಕೆ? ಬೆಂಕಿ ದಾಟದಂತೆ ಬೋಳು ಮಾಡುವ ಪಟ್ಟಿ, ಅಂದರೆ ಬೆಂಕಿ ರೇಖೆ, ಎಷ್ಟು ಅಗಲ ಇರಬೇಕು?

ಉತ್ತರ 1 – ಕಳೆ ನಿರ್ವಹಣೆ

ಜನವರಿಯಲ್ಲಿ ಕಡಿದು ಬಿಟ್ಟರೆ ಫೆಬ್ರವರಿ ಗಾಳಿಗೆ ನೀವೇ ಸೌದೆ ಒಟ್ಟಿಕೊಟ್ಟ ಹಾಗೆ. ಮೇಲಾಗಿ ನೆಲಮಟ್ಟಕ್ಕೆ ಕತ್ತರಿಸಿದ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ; ಸುಟ್ಟರೂ ಅಷ್ಟೇ. ಮಣ್ಣಿನಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಇಡೀ ಪೊದೆಯನ್ನು ಬುಡ ಮೇಲಾಗಿ ಮಗುಚಿ ಒಣಗಿಸಬೇಕು. ಮಳೆಗಾಲದಲ್ಲಿ, ಹಣ್ಣು ಬಿಡುವ ಮೊದಲು ಮಾಡಿದರೆ ಮಣ್ಣು ಮೆತ್ತಗಿರುತ್ತದೆ, ಬೀಜವೂ ಉದುರುವುದಿಲ್ಲ. ಹಕ್ಕಿ ಕೂರುವ ಮರಗಳ ಕೆಳಗೆ ಸಸಿ ಏಳುತ್ತಲೇ ಇರುತ್ತವೆ, ಕನಿಷ್ಠ ಎರಡು ವರ್ಷ ಕಿತ್ತು ತೆಗೆಯಬೇಕು. ಬಜೆಟ್ ಸಾಮಾನ್ಯವಾಗಿ ಕೈಕೊಡುವುದು ಇಲ್ಲೇ.

ತೆರವಾದ ಜಾಗಕ್ಕೆ ಸ್ಥಳೀಯ ಹುಲ್ಲು ಬರಲಿ. ಹುಲ್ಲೂ ಉರಿಯುತ್ತದೆ, ನಿಜ. ಆದರೆ ಮೇಯ್ದ ಹುಲ್ಲಿನ ಜ್ವಾಲೆ ಗಿಡ್ಡ, ಹಸಿ ಸೊಪ್ಪಿನಿಂದ ಬಡಿದು ಆರಿಸಬಹುದು. ಲಂಟಾನ ಹಾಗಲ್ಲ, ಬೆಂಕಿಯನ್ನು ಮರದ ನೆತ್ತಿಗೇ ಏರಿಸುತ್ತದೆ.

ಉತ್ತರ 2 – ಬೆಂಕಿ ರೇಖೆ ಕೆಲಸ ಬಲ್ಲವರು

ಅಗಲಕ್ಕೆ ಒಂದೇ ಲೆಕ್ಕವಿಲ್ಲ. ಪಕ್ಕದ ಗಿಡದ ಎತ್ತರದ ಒಂದೂವರೆ ಪಟ್ಟು ಎನ್ನುವುದು ತೀರಾ ಕನಿಷ್ಠ. ಇಳಿಜಾರಿನ ಮೇಲ್ಗಡೆ, ಗಾಳಿಗೆ ಎದುರಾದ ಕಡೆ, ಹೂಬಿಟ್ಟು ಸತ್ತ ಬಿದಿರಿನ ಹತ್ತಿರ ಅದು ಸಾಲದು. ಕಿಡಿ ಹಾರಿ ಆಚೆ ಬೀಳುತ್ತದೆ.

ರೇಖೆಯ ಪಟ್ಟಿಯನ್ನು ಇಲಾಖೆಯವರು ನವೆಂಬರ್–ಡಿಸೆಂಬರ್‌ನಲ್ಲಿ ಕೊಯ್ದು, ಒಣಗಿದ ಮೇಲೆ ಗಾಳಿ ಇಲ್ಲದ ಹೊತ್ತು ನೋಡಿ ಸುಡಿಸುತ್ತಾರೆ. ತಪ್ಪಾಗುವುದು ಸುಟ್ಟಾದ ನಂತರ. ಒಣ ಮರದ ಬೊಡ್ಡೆ, ಆನೆ ಲದ್ದಿ ಒಳಗೊಳಗೇ ಹೊಗೆಯಾಡುತ್ತಿದ್ದು ಮರುದಿನ ಮಧ್ಯಾಹ್ನದ ಗಾಳಿಗೆ ಎದ್ದುಬಿಡುತ್ತವೆ. ನೀರು ಹಾಕಿ, ಕೆದಕಿ, ಕೈಬೆನ್ನು ಹತ್ತಿರ ಹಿಡಿದು ಬಿಸಿ ಇಲ್ಲ ಎಂದಾದ ಮೇಲೇ ಬಿಡಬೇಕು. ಆಮೇಲೆ ಬಿದ್ದ ತರಗನ್ನು ಮೇ ತಿಂಗಳವರೆಗೂ ಗುಡಿಸುತ್ತಿರದಿದ್ದರೆ ಅದು ಹೆಸರಿಗಷ್ಟೇ ರೇಖೆ.

ಪ್ರಶ್ನೆ ಕೇಳಿದವರು

ಈಗಾಗಲೇ ಡಿಸೆಂಬರ್. ಈ ವರ್ಷ ಬೇರು ಕೀಳಿಸುವ ಮಾತೇ ಇಲ್ಲ. ಕಡಿದದ್ದನ್ನು ಕಂದಕಕ್ಕೆ ತುಂಬಿ, ನಾವೇ ಸುಟ್ಟರೆ?

ಉತ್ತರ 3 – ಕಾನೂನು ತಿಳಿದವರು

ಬೇಡ. ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ಪ್ರಕಾರ ಅಪರಾಧ, ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯ. ಈ ಭಾಗದ ಸೋಲಿಗ ಬುಡಕಟ್ಟಿನವರು ನೆಲದ ಒಣ ಎಲೆಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ಯ ಪದ್ಧತಿಯೂ ನಿಂತದ್ದು ಇಂಥ ನಿಷೇಧದಿಂದಲೇ (ಅದು ಸರಿಯೋ ತಪ್ಪೋ ಬೇರೆ ಚರ್ಚೆ, ನನಗಂತೂ ತಪ್ಪೇ ಅನ್ನಿಸುತ್ತದೆ). ಕಂದಕ ತುಂಬಿದರೆ ಆನೆಗೂ ಬೆಂಕಿಗೂ ನೀವೇ ಸೇತುವೆ ಕಟ್ಟಿದಂತೆ.

ಈ ವರ್ಷಕ್ಕೆ ರೇಖೆಯ ಪಟ್ಟಿಯಷ್ಟನ್ನೇ ಇಲಾಖೆಯಿಂದ ಕಡಿಸಿ, ಕಡ್ಡಿಯನ್ನೆಲ್ಲ ಹೊರಗೆ ಸಾಗಿಸಿ. ನಿಮ್ಮ ಬದುವಿನ ಒಣಹುಲ್ಲನ್ನೂ ತೆಗೆಯಿರಿ. ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹದ ನೆರವಿನಿಂದ ಕಳಿಸುವ ಬೆಂಕಿ ಎಚ್ಚರಿಕೆಗೆ ಮೊಬೈಲ್ ನೋಂದಾಯಿಸಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ವಿಐಐಆರ್‌ಎಸ್ ಎಂಬ, ಬೆಂಕಿಯ ಶಾಖ ಗುರುತಿಸುವ ಸಂವೇದಕವಿರುವ ಉಪಗ್ರಹಗಳು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಹೊತ್ತಿದ್ದು ರಾತ್ರಿಯೇ ಕಾಣುವುದು. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಜೊತೆಗೇ ಬೆಂಕಿ ಕಾವಲಿನ ಫೈರ್ ವಾಚರ್‌ಗೂ ತಿಳಿಸಿ.